ಮುಂದೆ ನೋಡೋಣ

ನಮ್ಮ ಭಾವ ಕಾರು ಓಡಿಸುವುದನ್ನು ಕಲಿಸುತ್ತಾರೆ. ಅವರ ಹತ್ತಿರ ಕಲಿತವರು ಯಾರೂ ಅವರನ್ನು ಹೆಸರು ಹಿಡಿದು ಕರೆಯುವುದಿಲ್ಲ, "ಮುಂದೆ ನೋಡಿ ಮೇಷ್ಟ್ರು" ಎನ್ನುತ್ತಾರೆ. ಪಾಠದ ಹೊತ್ತಿನಲ್ಲಿ ಅವರ ಬಾಯಿಂದ ಬರುವುದು ಅದೊಂದೇ ಮಾತು. ಗೇರು ನೋಡಬೇಡಿ, ಮುಂದೆ ನೋಡಿ. ಕಾಲು ಎಲ್ಲೂ ಓಡಿಹೋಗಲ್ಲ, ಮುಂದೆ ನೋಡಿ. ನನ್ನ ಮುಖದಲ್ಲೇನು ಸಿಗ್ನಲ್ ಇದೆಯಾ, ಮುಂದೆ ನೋಡಿ. ಒಮ್ಮೆ ಒಬ್ಬ ಶಿಷ್ಯ ತರಕಾರಿ ಗಾಡಿಯ ಕಡೆಗೆ ನೇರವಾಗಿ ಹೊರಟಾಗಲೂ ಭಾವ ದನಿ ಏರಿಸಲಿಲ್ಲವಂತೆ. ತಮ್ಮ ಕಾಲ ಬುಡದ ಬ್ರೇಕು ಒತ್ತಿ, ಕಾರು ನಿಂತ ಮೇಲೆ, "ಟೊಮೆಟೊ ಬೇಕಿತ್ತಾ?" ಎಂದು ಕೇಳಿದರಂತೆ. ಅಷ್ಟು ಗಟ್ಟಿ ಗುಂಡಿಗೆ.

ಆ ಬ್ರೇಕಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಕಲಿಸುವ ಕಾರಿನಲ್ಲಿ ಮೇಷ್ಟ್ರು ಕೂರುವ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು ಇರುತ್ತದೆ. ಸ್ಟೀರಿಂಗು ಶಿಷ್ಯರದ್ದು, ಬ್ರೇಕು ಮೇಷ್ಟ್ರದ್ದು. ವರ್ಷಗಟ್ಟಲೆ ಅದನ್ನು ಒತ್ತಿ ಒತ್ತಿ ಭಾವನ ಬಲಗಾಲಿಗೆ ಅದೊಂದು ಚಟವಾಗಿಬಿಟ್ಟಿದೆ. ಗಾಬರಿಯಾದರೆ ಸಾಕು, ಎಲ್ಲಿ ಕೂತಿದ್ದರೂ ಆ ಕಾಲು ತಾನಾಗಿ ನೆಲ ಒತ್ತುತ್ತದೆ. ಮನೆಯಲ್ಲಿ ಅವರು ಕೂರುವ ಕುರ್ಚಿಯ ಮುಂದಿನ ನೆಲಹಾಸು ಒಂದೇ ಕಡೆ ಸವೆದು ತೂತಾಗಿದೆ. ಮನೆಯೊಳಗೆ ಅಂಥ ಗಾಬರಿ ಏನಪ್ಪಾ ಎಂದರೆ, ದುಡ್ಡಿನ ಮಾತು.

ನಾನು ಅವರ ಹೆಂಡತಿಯ ತಂಗಿ. ಅದೇ ಕಟ್ಟಡದಲ್ಲಿ ಅವರ ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದೇನೆ, ಹಾಗಾಗಿ ಅವರ ಮನೆಯ ವಿಷಯದಲ್ಲಿ ಮೂಗು ತೂರಿಸಲು ಮೆಟ್ಟಿಲು ಇಳಿದರೆ ಸಾಕು. ಕೆಲಸ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ, ಬಾಗಿಲ ಬಳಿಯ ಮೇಜು. ಬಂದವರ ಹೆಸರು ಕೂಗುವುದು, ಓಡಿಹೋಗುವವರನ್ನು ಹಿಡಿದು ಕೂರಿಸುವುದು. ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಅಕ್ಕ ದೂರುತ್ತಾಳೆ. ಅದು ಸುಳ್ಳು. ಸಿಟ್ಟು ಬರುವುದಿಲ್ಲ, ಇದ್ದೇ ಇರುತ್ತದೆ, ಎದುರಿಗಿರುವವರು ಅದನ್ನು ಎಬ್ಬಿಸುತ್ತಾರೆ ಅಷ್ಟೆ.

ಎಬ್ಬಿಸುವುದರಲ್ಲಿ ಭಾವನನ್ನು ಮೀರಿಸಿದವರಿಲ್ಲ. ಬೀದಿಯಲ್ಲಿ ಕಂಡವರಿಗೆಲ್ಲ "ಮುಂದೆ ನೋಡಿ" ಎನ್ನುವ ಮಹಾನುಭಾವರು ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ ಹೇಳುವುದು "ಮುಂದೆ ನೋಡೋಣ". ರಜೆಗೆ ಎಲ್ಲಾದರೂ ಹೋಗೋಣವೇ ಎಂದರೆ ಮುಂದೆ ನೋಡೋಣ. ಫ್ರಿಜ್ಜು ಸೋರುತ್ತಿದೆ ಎಂದರೆ ಮುಂದೆ ನೋಡೋಣ. ನಂಗೂ ಕಾರು ಕಲಿಸ್ರೀ ಎಂದು ಅಕ್ಕ ಮದುವೆಯಾದ ಹೊಸದರಲ್ಲಿ ಕೇಳಿದ್ದಕ್ಕೂ ಅದೇ ಉತ್ತರ, ಕಲಿತರೆ ಇನ್ನೊಂದು ಕಾರು ಕೇಳಿಯಾಳೆಂಬ ಭಯಕ್ಕೆ. ನಮ್ಮ ಹತ್ತಿರ ಒಟ್ಟು ಎಷ್ಟಿದೆ ಎಂದು ಅವಳು ಬಾಯಿಬಿಟ್ಟು ಕೇಳಿದರಂತೂ ಕಾಲು ನೆಲ ಒತ್ತುತ್ತದೆ, ಕಣ್ಣು ಸೂರಿಗೆ ಹೋಗುತ್ತದೆ, "ಮುಂದೆ ನೋಡೋಣ ಕಣೇ" ಎನ್ನುವಷ್ಟರಲ್ಲಿ ಮನುಷ್ಯ ಬಚ್ಚಲಲ್ಲಿರುತ್ತಾರೆ. ಒಳಗಿನಿಂದ ನಲ್ಲಿಯ ಸದ್ದು. ಅವರಷ್ಟು ಸ್ನಾನ ನಮ್ಮ ವಂಶದಲ್ಲಿ ಯಾರೂ ಮಾಡಿಲ್ಲ.

ಹಾಗಂತ ಜಿಪುಣರಲ್ಲ, ದುಂದುಗಾರರೂ ಅಲ್ಲ. ದುಡಿಯುತ್ತಾರೆ, ದುಡ್ಡು ಬ್ಯಾಂಕಿಗೆ ಹೋಗುತ್ತದೆ, ಬೇಕಾದಾಗ ಎಟಿಎಂನಿಂದ ತರುತ್ತಾರೆ. ಉಳಿದದ್ದು ಎಷ್ಟು ಎಂದು ಮಾತ್ರ ನೋಡುವುದಿಲ್ಲ. ಪರದೆಯ ಮೇಲೆ ಏನಾದರೂ ಮೂಡಿಬಿಟ್ಟೀತೆಂದು ಎಟಿಎಂಗೆ ಬೆನ್ನು ಹಾಕಿ ನಿಂತು, ಕೈ ಹಿಂದೆ ಚಾಚಿ ನೋಟು ಎಳೆದುಕೊಳ್ಳುತ್ತಾರೆ. ಇದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಸಾಲಿನಲ್ಲಿ ಅವರ ಹಿಂದಿದ್ದ ಹೆಂಗಸು, ಈತ ನನ್ನನ್ನೇ ಗುರಾಯಿಸುತ್ತಿದ್ದಾನೆ ಎಂದು ಜಗಳಕ್ಕೇ ಬಂದಳು. ಫೋನಿನಲ್ಲಿ ಬ್ಯಾಂಕಿನ ಆ್ಯಪು ಇದೆ, ಅದನ್ನು ಕೊನೆಯ ಪುಟಕ್ಕೆ ತಳ್ಳಿ "ಆಟಗಳು" ಎಂಬ ಡಬ್ಬಿಯೊಳಗೆ ಹಾಕಿಟ್ಟಿದ್ದಾರೆ. ಬ್ಯಾಂಕಿನಿಂದ ಸಂದೇಶ ಬಂದರೆ ಮೊದಲ ಒಂದೆರಡು ಅಕ್ಷರ ಕಣ್ಣಿಗೆ ಬೀಳುತ್ತಲೇ ಫೋನನ್ನು ಬೋರಲು ಮಲಗಿಸಿ, ಅದರ ಮೇಲೆ ದಿನಪತ್ರಿಕೆ ಮುಚ್ಚುತ್ತಾರೆ.

ದುಡ್ಡಿನ ಬಗ್ಗೆ ಭಾವ ಧೈರ್ಯವಾಗಿ ಆಡುತ್ತಿದ್ದದ್ದು ಒಂದೇ ಮಾತು, ಅದೂ ರಸ್ತೆಯಲ್ಲಿ ಗುಂಡಿ ಕಂಡಾಗ. "ಈ ರೋಡಿಗೆ ತಿಂಗಳು ತಿಂಗಳು ದುಡ್ಡು ಕಟ್ಟೋನು ನಾನು. ನನ್ನ ದುಡ್ಡನ್ನೆಲ್ಲ ಯಾವನು ನುಂಗ್ತಿದ್ದಾನೆ?" ಕಾರು ಕಲಿಸುವವರಿಗೆ ಅಂಥದ್ದೊಂದು ತೆರಿಗೆ ಇರಬಹುದು ಎಂದು ನಾವೂ ನಂಬಿದ್ದೆವು. ಬೀದಿಯ ಕೊನೆಯಲ್ಲಿ, ಗಡಿಯಾರ ರಿಪೇರಿ ಮಾಡುವ ತಾತನ ಅಂಗಡಿಯ ಎದುರು, ಒಂದು ದೊಡ್ಡ ಗುಂಡಿಯಿದೆ. ಅದರ ಹತ್ತಿರವಂತೂ ದಿನಾ ನಿಂತು, ಸ್ವಂತ ಹೊಲ ನೋಡಿದ ಹಾಗೆ ನೋಡಿ, ಬೈದು ಬರುತ್ತಿದ್ದರು.

ಇನ್ನು ಅಕ್ಕ. ಅವಳು ಕಾರಿನ ಸೀಟಿಗೆ ಕವರು ಹೊಲಿಯುತ್ತಾಳೆ. ಕೈ ಕೆಲಸ ಚೊಕ್ಕ, ಗಿರಾಕಿಗಳಿಗೆ ಬರವಿಲ್ಲ. ಆದರೆ ಮನೆ ಇರುವುದು ಎರಡು ಕೋಣೆ, ಅದರಲ್ಲಿ ಒಂದೂವರೆ ಕೋಣೆ ಸ್ಪಂಜಿನ ಪಾಲು. ಮಂಚದ ಕೆಳಗೆ ಸ್ಪಂಜು, ಬೀರುವಿನ ಮೇಲೆ ಸ್ಪಂಜು, ಬಾಗಿಲ ಹಿಂದೆ ಸುರುಳಿ ಸುತ್ತಿ ನಿಲ್ಲಿಸಿದ ಸ್ಪಂಜು. ಬಾಗಿಲು ತೆಗೆದರೆ ಅದು ಬಂದವರ ಮೇಲೆ ಒರಗುತ್ತದೆ. ವಿದ್ಯುತ್ ಬಿಲ್ಲಿನವನು ಒಮ್ಮೆ ಅದಕ್ಕೆ "ಕ್ಷಮಿಸಿ" ಎಂದಿದ್ದಾನೆ. ಕತ್ತರಿಸುವಾಗ ಹಾರುವ ಪುಡಿ ಚಹಾದಲ್ಲಿ ತೇಲುತ್ತದೆ, ಹಾಸಿಗೆಯಲ್ಲಿ ಸೇರುತ್ತದೆ, ಅಕ್ಕ ಬೆಳಗಾಗೆದ್ದು ಮೊದಲು ಮಾಡುವ ಕೆಲಸ ಕೆಮ್ಮುವುದು. ಒಂದು ಅಂಗಡಿ ಕೋಣೆ ಬೇಕು ಎಂದು ಅವಳು ಕೇಳುತ್ತಲೇ ಬಂದಿದ್ದಳು. ಉತ್ತರ ಏನು ಬರುತ್ತಿತ್ತು ಎಂದು ನಾನು ಬೇರೆ ಹೇಳಬೇಕಾಗಿಲ್ಲ.

ಆಗ ಗಡಿಯಾರದ ತಾತ ಅಂಗಡಿ ಖಾಲಿ ಮಾಡುವುದಾಗಿ ಹೇಳಿದರು. ಕಣ್ಣು ಮಂಜಾಗಿದೆ, ಕಿವಿಯಂತೂ ಯಾವತ್ತೋ ಕೈಕೊಟ್ಟಿದೆ, ಸಾಕು ಎಂದರು. ಕೋಣೆ ಅವರದ್ದೇ. ಅಕ್ಕನ ಹೊಲಿಗೆಯನ್ನು ಮೊದಲಿನಿಂದ ನೋಡಿದವರು, ಬಾಡಿಗೆಯನ್ನೂ ಹಗುರವಾಗಿಯೇ ಹೇಳಿದರು. ಆದರೆ ಮುಂಗಡ ಬೇಕು, ಮಾತು ಶನಿವಾರ ಸಂಜೆ ಅಂಗಡಿ ಮುಚ್ಚುವುದರೊಳಗೆ ಮುಗಿಯಬೇಕು. ಎದುರು ಕಟ್ಟೆಯ ಮೇಲೆ ಮೊಬೈಲ್ ಕವರು ಮಾರುವವನು ಆ ಕೋಣೆಯ ಮೇಲೆ ಕಣ್ಣಿಟ್ಟು ಕೂತಿದ್ದಾನೆ, ಅವನಿಗೂ ಅದೇ ಗಡುವು. ಯಾರು ಮೊದಲು ಹೂಂ ಎನ್ನುತ್ತಾರೋ ಅವರಿಗೆ.

ಅಕ್ಕ ಆ ಸಂಜೆ ಮೇಲೆ ನನ್ನ ಮನೆಗೆ ಬಂದು ಅತ್ತಳು. ಅವಳು ಅಳುವವಳಲ್ಲ, ಈರುಳ್ಳಿ ಹೆಚ್ಚುವಾಗಲೂ ಈರುಳ್ಳಿಗೇ ಬೈಯುವವಳು. "ಆಗಲ್ಲ ಅಂದ್ರೆ ಆಗಲ್ಲ ಅನ್ಲಿ, ಸುಮ್ನಿರ್ತೀನಿ. ಆಗುತ್ತೋ ಇಲ್ವೋ ಅಂತಾನೇ ಗೊತ್ತಿಲ್ದೆ ಎಷ್ಟು ದಿನ ಇರ್ಲಿ ಹೇಳು," ಎಂದಳು. ನನ್ನ ಸಿಟ್ಟು ಎದ್ದು ಕೂತಿತು.

ಮರುದಿನ ಕ್ಲಿನಿಕ್ಕಿಗೆ ರಜೆ ಹಾಕಿ ಭಾವನನ್ನು ಬ್ಯಾಂಕಿಗೆ ಹೊರಡಿಸಿದೆ. ಕಾರು ಅವರೇ ಓಡಿಸಿದರು. ಬ್ಯಾಂಕು ಬಂತು, ಹೋಯಿತು. "ಪಾರ್ಕಿಂಗ್ ಇಲ್ಲ," ಎಂದರು. ಒಂದು ಸುತ್ತು ಹೊಡೆದು ಬಂದೆವು. ಬಸ್ಸೇ ನಿಲ್ಲಿಸುವಷ್ಟು ಜಾಗ ಖಾಲಿ ಬಿದ್ದಿತ್ತು. "ಅದು ಇಳಿಜಾರು," ಎಂದರು. ಮತ್ತೊಂದು ಸುತ್ತು. "ಅಲ್ಲಿ ಬೆಕ್ಕು ಮಲಗಿದೆ." ಬ್ಯಾಂಕಿನ ಕಾವಲುಗಾರ ನಮ್ಮನ್ನು ಅನುಮಾನದಿಂದ ನೋಡಲು ಶುರುಮಾಡಿದ. ಕೊನೆಗೆ ಅವನು ಫೋನು ಕೈಗೆತ್ತಿಕೊಂಡದ್ದು ಕಂಡು ನಾನೇ ಮನೆಗೆ ನಡೀರಿ ಎಂದೆ. ಊರಿಗೆಲ್ಲ ಪಾರ್ಕಿಂಗ್ ಹೇಳಿಕೊಡುವ ಮನುಷ್ಯ, ನೋಡಿ.

ಸರಿ, ಬ್ಯಾಂಕು ಬೇಡ, ಫೋನಿನಲ್ಲೇ ನೋಡೋಣ ಎಂದು ಶುಕ್ರವಾರ ಮೇಜಿನ ಮುಂದೆ ಕೂರಿಸಿದೆವು. ಆ್ಯಪು ತೆರೆಯಲು ಅವರ ಹೆಬ್ಬೆರಳು ಬೇಕು. ಭಾವ ಹೆಬ್ಬೆರಳಿಗೆ ದಪ್ಪ ಬ್ಯಾಂಡೇಜು ಸುತ್ತಿಕೊಂಡು ಬಂದರು.

"ಕೊಯ್ಕೊಂಡೆ," ಎಂದರು.

"ಯಾವುದರಲ್ಲಿ?" ಎಂದೆ.

"ಬ್ರೆಡ್ಡಲ್ಲಿ."

ನೆಪ ಹೇಳುವವರನ್ನು ಹಿಡಿಯುವುದು ನನಗೆ ದಿನದ ಕೆಲಸ. ಬ್ಯಾಂಡೇಜು ಬಿಚ್ಚಿದರೆ ಒಳಗೆ ಹೆಬ್ಬೆರಳು ಹೊಸ ಸೋಪಿನ ಹಾಗೆ ನುಣ್ಣಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಬಚ್ಚಲ ಚಿಲಕ ಬಿತ್ತು, ನಲ್ಲಿ ಸುರಿಯಿತು. ಅಕ್ಕ ಬೋರಲು ಬಿದ್ದ ಫೋನನ್ನೇ ನೋಡುತ್ತ ಕೂತಿದ್ದಳು. ಬಚ್ಚಲ ಬಾಗಿಲಿಗೆ ಹೋಗಿ ಗುದ್ದಬೇಕೆಂದು ಎದ್ದವಳು ನಾನು, ಎದ್ದು ನಿಂತಲ್ಲೇ ನಿಂತೆ. ನಮ್ಮ ಕ್ಲಿನಿಕ್ಕಿನ ಶೌಚಾಲಯದಲ್ಲೂ ಹೀಗೇ ಚಿಲಕ ಹಾಕಿಕೊಂಡು ಕೂರುವವರಿದ್ದಾರೆ. ಅವರನ್ನು ಗುದ್ದಿ ಹೊರಗೆ ತಂದದ್ದು ಒಮ್ಮೆಯೂ ಇಲ್ಲ.

ಅಂಥವರಿಗೆ ನಮ್ಮ ಡಾಕ್ಟರು ಹೇಳುವುದು ಇಷ್ಟು: "ನೋವಾದ್ರೆ ಎಡಗೈ ಎತ್ತಿ, ನಾನು ತಕ್ಷಣ ನಿಲ್ಲಿಸ್ತೀನಿ." ಅಷ್ಟು ಹೇಳಿದರೆ ಜನ ಬಾಯಿ ತೆರೆಯುತ್ತಾರೆ. ಆಮೇಲೆ ಹೆಚ್ಚಿನವರು ಕೈ ಎತ್ತುವುದೇ ಇಲ್ಲ. ನಿಲ್ಲಿಸಬಹುದು ಎಂದು ಗೊತ್ತಿದ್ದರೆ ಸಾಕಾಗುತ್ತದೆ. ಭಾವ ಕೈ ಎತ್ತುವ ಜಾತಿಯಲ್ಲ, ಅವರದ್ದೇನಿದ್ದರೂ ಕಾಲು. ಮತ್ತೆ ಆ ಕಾಲು ಧೈರ್ಯವಾಗಿರುವ ಜಾಗ ಈ ಲೋಕದಲ್ಲಿ ಒಂದೇ ಒಂದು.

ಶನಿವಾರ ಮಧ್ಯಾಹ್ನ ಮೂವರೂ ಕಾರಿನೊಳಗೆ ಕೂತೆವು. ಕಾರು ಕಟ್ಟಡದ ಮುಂದೆ ನಿಂತೇ ಇತ್ತು, ಎಂಜಿನು ಆಫ್. ಭಾವ ಮೇಷ್ಟ್ರ ಸೀಟಿನಲ್ಲಿ, ಕಾಲ ಬುಡದಲ್ಲಿ ಅವರ ಬ್ರೇಕು. ಅಕ್ಕ ಸ್ಟೀರಿಂಗಿನ ಹಿಂದೆ, ಕೈಯಲ್ಲಿ ಭಾವನ ಫೋನು. ನಾನು ಹಿಂದಿನ ಸೀಟಿನಲ್ಲಿ, ಗಿರಾಕಿಗೆ ತಲುಪಿಸಬೇಕಿದ್ದ ಸ್ಪಂಜಿನ ಸುರುಳಿಯ ಅಡಿಯಲ್ಲಿ.

"ನೋಡಿ," ಎಂದಳು ಅಕ್ಕ. "ನೀವು ಬ್ರೇಕ್ ಒತ್ತಿದ್ರೆ ನಾನು ಅಲ್ಲೇ ನಿಲ್ಲಿಸ್ತೀನಿ. ಕಾಲು ತೆಗೆಯೋವರೆಗೂ ಒಂದು ಮಾತೂ ಆಡಲ್ಲ."

"ಇವಳು?" ಎಂದು ಭಾವ ಹಿಂದೆ ತೋರಿಸಿದರು.

"ಅವಳೂ ಆಡಲ್ಲ."

ಇದು ನನ್ನನ್ನು ಕೇಳದೆ ಮಾಡಿಕೊಂಡ ಒಪ್ಪಂದ. ಆದರೂ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ.

ಭಾವ ಕನ್ನಡಿ ಸರಿಮಾಡಿದರು. ಬೆಲ್ಟು ಹಾಕಿಕೊಂಡರು, ಅಕ್ಕನಿಗೂ ಹಾಕಿಸಿದರು. ಆಮೇಲೆ ಬ್ರೇಕು ಒತ್ತಿದರು. ಇನ್ನೂ ಯಾರೂ ಏನೂ ಹೇಳಿರಲಿಲ್ಲ. ಅಕ್ಕ ಸುಮ್ಮನೆ ಗಾಜಿನಾಚೆ ನೋಡುತ್ತ ಕೂತಳು. ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ಬಗ್ಗಿ, "ಮೇಷ್ಟ್ರೇ, ನಿಂತ ಗಾಡಿಗೆ ಬ್ರೇಕ್ ಲೈಟ್ ಉರೀತಿದೆ," ಎಂದರು. "ಪಾಠ ನಡೀತಿದೆ," ಎಂದರು ಭಾವ. ಅವರು ಹೋದ ಮೇಲೂ ಲೈಟು ಉರಿಯುತ್ತಲೇ ಇತ್ತು.

ಆಮೇಲೆ ಭಾವ ತಾವಾಗಿಯೇ ಮಾತಾಡಿದರು. ಚಿಕ್ಕವರಿದ್ದಾಗ ಅವರಪ್ಪ ಒಂದು ದಿನ ಅವರನ್ನು ಕರೆದುಕೊಂಡು ಬ್ಯಾಂಕಿಗೆ ಹೋಗಿದ್ದರಂತೆ, ದುಡ್ಡು ತೆಗೆದು ಬೂಟು ಕೊಡಿಸುತ್ತೇನೆಂದು. ಕೌಂಟರಿನವನು ನೋಡಿ, ಇಡೀ ಹಾಲಿಗೆ ಕೇಳುವ ಹಾಗೆ, "ಇಲ್ಲ ಕಣ್ರೀ, ಇದರಲ್ಲಿ ಏನೂ ಇಲ್ಲ," ಎಂದನಂತೆ. ಸಾಲಿನಲ್ಲಿದ್ದವರು ನಕ್ಕರಂತೆ. ಅಪ್ಪನೂ ಅವರ ಜೊತೆ ನಕ್ಕರಂತೆ.

"ನಕ್ಕಿದ್ದು ನೋಡೋಕಾಗ್ಲಿಲ್ಲ," ಎಂದರು ಭಾವ. "ದುಡ್ಡು ಇಲ್ದೆ ಇರೋದು ನಂಗೆ ಹೆದರಿಕೆ ಅಲ್ಲ ಕಣೇ. ಇಲ್ಲ ಅಂತ ನಿನ್ನೆದುರಿಗೆ ಗೊತ್ತಾಗೋದು ಹೆದರಿಕೆ."

ಭಾವ ಬ್ರೇಕಿನಿಂದ ಕಾಲು ತೆಗೆದು ಹೆಬ್ಬೆರಳನ್ನು ಮುಂದೆ ಚಾಚಿದರು. ಮುಖ ಮಾತ್ರ ಕಿಟಕಿ ಕಡೆಗಿತ್ತು, ಸೂಜಿ ಚುಚ್ಚಿಸಿಕೊಳ್ಳುವವರ ಹಾಗೆ.

ಅಕ್ಕ ನೋಡಿದಳು. "ಇಷ್ಟೇನಾ?"

"ಎಷ್ಟು?" ಎಂದರು ಭಾವ, ಕಿಟಕಿಗೆ.

ಅವಳು ಹೇಳಿದಳು. ತಾತ ಕೇಳಿದ ಮುಂಗಡದ ಅರ್ಧ, ಅದಕ್ಕಿಂತ ಒಂದಿಷ್ಟು ಹೆಚ್ಚಿಲ್ಲ. ಬ್ರೇಕು ಕಿರ್ ಎಂದಿತು. ಈ ಸಲ ಬಹಳ ಹೊತ್ತು ಒತ್ತಿಯೇ ಇದ್ದರು. ಅಕ್ಕ ಒಪ್ಪಂದದ ಪ್ರಕಾರ ಬಾಯಿ ಬಿಡಲಿಲ್ಲ. ಕೊನೆಗೆ ಅವರೇ ಮೆಲ್ಲಗೆ ತಲೆ ತಿರುಗಿಸಿ ಅವಳ ಮುಖ ನೋಡಿದರು, ಕಾಲು ತೆಗೆದರು.

"ನಾನು ನಗ್ತಿಲ್ಲ, ನೋಡಿ," ಎಂದಳು ಅಕ್ಕ. "ಅರ್ಧ ಇದೆ ಅಂತ ಗೊತ್ತಾಯ್ತು. ನಿನ್ನೆವರೆಗೂ ಅದೂ ಗೊತ್ತಿರ್ಲಿಲ್ಲ. ಈಗ ಎಲ್ಲೆಲ್ಲಿ ಹೋಗ್ತಿದೆ ಅಂತ ನೋಡೋಣ್ವಾ?"

ಭಾವ ಹೂಂ ಎಂದರು. ದನಿ ಸಣ್ಣಗಿತ್ತು, ಆದರೆ ಹೂಂ ಎಂದರು.

ಆಮೇಲೆ ಹೊರಬಿದ್ದ ಘನಕಾರ್ಯಗಳು ಒಂದೆರಡಲ್ಲ. ಯಾವತ್ತೋ ಮಾರಿದ ಸ್ಕೂಟರಿಗೆ ಇನ್ನೂ ವಿಮೆ ಕಟ್ಟುತ್ತಿದ್ದರು. ದಿನಕ್ಕೊಂದು ನಗೆಹನಿ ಕಳಿಸುವ ಯಾವುದೋ ಕಂಪನಿಗೆ ತಿಂಗಳಿಗಿಷ್ಟು ಹೋಗುತ್ತಿತ್ತು, ನಗೆಹನಿ ಬಂದಾಗಲೂ ಬ್ಯಾಂಕಿನದೆಂದು ಹೆದರಿ ಫೋನು ಬೋರಲು ಹಾಕುತ್ತಿದ್ದರಿಂದ ಒಂದು ದಿನವೂ ನಕ್ಕಿರಲಿಲ್ಲ. ಒಂದೊಂದಕ್ಕೂ ಬ್ರೇಕು ಬೀಳುತ್ತಿತ್ತು, ಆದರೆ ಮೊದಲಿನಷ್ಟು ಹೊತ್ತಲ್ಲ. ಸ್ಕೂಟರಿಗೆ ಗಟ್ಟಿಯಾಗಿ ಒತ್ತಿದರು, ನಗೆಹನಿಗೆ ಸುಮ್ಮನೆ ಮುಟ್ಟಿ ಬಿಟ್ಟರು.

"ಇದೇನ್ರೀ ಇದು, ಪ್ರತಿ ತಿಂಗಳೂ ಒಂದೇ ತಾರೀಕು, ಇಷ್ಟೊಂದು?" ಎಂದಳು ಅಕ್ಕ.

"ಅದು ಬಿಡು," ಎಂದರು ಭಾವ. ಇದೊಂದರಲ್ಲಿ ಅವರಿಗೆ ಭಯವಿರಲಿಲ್ಲ. "ಅದು ರೋಡಿಂದು."

"ಯಾವ ರೋಡಿಂದು?"

"ಎಲ್ಲಾ ರೋಡಿಂದೂ. ನಮ್ಮಂಥವರಿಗೆ ಹಾಕ್ತಾರೆ. ಅಲ್ಲೇ ಬರೆದಿದೆಯಲ್ಲ."

ನಾನು ಸ್ಪಂಜನ್ನು ಪಕ್ಕಕ್ಕೆ ನೂಕಿ ಫೋನು ಕಸಿದುಕೊಂಡೆ. ಅಲ್ಲಿ ಇದ್ದದ್ದು ಎರಡಕ್ಷರ, ಆರ್ ಮತ್ತು ಡಿ. ರಸ್ತೆಗಳ ಹೆಸರಿನ ಫಲಕದ ಕೊನೆಯಲ್ಲಿ ರೋಡ್ ಎಂಬುದನ್ನು ಮೊಟಕು ಮಾಡಿ ಬರೆದಿರುತ್ತಾರಲ್ಲ, ಅವೇ ಎರಡಕ್ಷರ. ಜೀವಮಾನವಿಡೀ ಫಲಕ ಓದಿಕೊಂಡು ಬಂದ ಮನುಷ್ಯ ಇದನ್ನೂ ಹಾಗೇ ಓದಿ, ಫೋನು ಬೋರಲು ಹಾಕಿದ್ದಾರೆ.

"ಭಾವ," ಎಂದೆ. "ಇದು ರೋಡಲ್ಲ. ರೆಕರಿಂಗ್ ಡೆಪಾಸಿಟ್."

"ಅದು ಯಾವ ಕಡೆ ಬರುತ್ತೆ?" ಎಂದರು ಭಾವ.

"ಯಾವ ಕಡೆಯೂ ಬರಲ್ಲ. ಉಳಿತಾಯ ಅದು. ನಿಮ್ಮ ದುಡ್ಡೇ, ನಿಮ್ಮ ಹೆಸರಲ್ಲೇ ತಿಂಗಳು ತಿಂಗಳು ಕೂಡ್ತಾ ಇದೆ."

ಬ್ರೇಕು ಬೀಳಲಿಲ್ಲ. ಬಹುಶಃ ಕಾಲಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಖಾತೆ ತೆರೆದ ದಿನ ಬ್ಯಾಂಕಿನವರು ಏನೇನೋ ಕಾಗದ ಮುಂದೆ ಇಟ್ಟರಂತೆ, ಬೇಗ ಹೊರಗೆ ಬಂದರೆ ಸಾಕೆಂದು ಇಟ್ಟದ್ದಕ್ಕೆಲ್ಲ ಸಹಿ ಹಾಕಿದ್ದರಂತೆ. ಅಂದಿನಿಂದ ಅದು ಕಟ್ಟುತ್ತ, ತುಂಬುತ್ತ, ತುಂಬಿದ್ದು ಮತ್ತೆ ಹೊಸದಾಗುತ್ತ ಬಂದಿದೆ. ನಾನು ಒಟ್ಟು ಮೊತ್ತ ಓದಿದೆ. ಮುಂಗಡದ ಇನ್ನರ್ಧಕ್ಕೆ ಸಾಕು, ಹೊಲಿಗೆ ಯಂತ್ರದ ಮೋಟಾರು ಬದಲಿಸುವಷ್ಟು ಮಿಕ್ಕುತ್ತದೆ. ರಾಜನ ನಿಧಿಯೇನಲ್ಲ, ಆದರೆ ಮುಂದಿನ ಸೀಟಿನಲ್ಲಿ ಇಬ್ಬರೂ ಉಸಿರು ಹಿಡಿದುಕೊಂಡಿದ್ದರು.

"ಹಾಗಾದ್ರೆ," ಎಂದರು ಭಾವ, "ಆ ಗುಂಡಿಗೂ ನಂಗೂ ಏನೂ ಸಂಬಂಧ ಇಲ್ವಾ?" ನೆಂಟರನ್ನು ಕಳೆದುಕೊಂಡವರ ದನಿ ಅದು.

ಡೆಪಾಸಿಟ್ಟು ಮುರಿಸಲು ಸೋಮವಾರ ಬ್ಯಾಂಕಿಗೇ ಹೋಗಬೇಕು. ತಾತ ಅಂಗಡಿ ಮುಚ್ಚುವ ಹೊತ್ತು ಆಗಲೇ ಹತ್ತಿರ ಬಂದಿತ್ತು. ತಿಂಗಳ ಬಾಡಿಗೆ ಸೀಟು ಕವರಿನ ದುಡ್ಡಲ್ಲೇ ಹುಟ್ಟುತ್ತದೆಂದು ಅಕ್ಕ ಅಲ್ಲೇ ಬೆರಳು ಮಡಚಿ ತೋರಿಸಿದಳು, ಭಾವ ಅದನ್ನು ಕಣ್ಣು ಬಿಟ್ಟುಕೊಂಡೇ ಕೇಳಿದರು. ಹೋಗಿ ಇರುವುದನ್ನು ಇದ್ದ ಹಾಗೆ ಹೇಳುವುದೆಂದಾಯಿತು. ಭಾವ ಬೆಲ್ಟು ಬಿಚ್ಚಿ, "ಇಳಿ, ನಾನು ಓಡಿಸ್ತೀನಿ," ಎಂದರು.

ಅಕ್ಕ ಇಳಿಯಲಿಲ್ಲ. ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟು ಕೂತಳು. "ನಂಗೆ ಯಾವಾಗ ಕಲಿಸ್ತೀರಿ?"

"ಮುಂದೆ," ಎಂದು ಶುರುಮಾಡಿದರು ಭಾವ. ಅಕ್ಕ ಅವರನ್ನು ನೋಡಿದಳು. ನಾನು ಸ್ಪಂಜಿನ ಮೇಲಿಂದ ನೋಡಿದೆ. ಬಾಯಿ ತೆರೆದದ್ದು ತೆರೆದೇ ಇತ್ತು, ಒಳಗೆ ಕೊಳೆತ ದವಡೆ ಹಲ್ಲೊಂದಿರುವುದೂ ಆಗ ನನಗೆ ಕಂಡಿತು. ಭಾವ ಮತ್ತೆ ಬೆಲ್ಟು ಹಾಕಿಕೊಂಡರು. "ಮುಂದೆ ಕೂತಿದ್ದೀಯಲ್ಲ," ಎಂದರು, "ಕೀ ತಿರುಗಿಸು."

ಆ ಪ್ರಯಾಣದ ಬಗ್ಗೆ ಹೆಚ್ಚು ಹೇಳಲಾರೆ, ಹೆಚ್ಚಿನ ಹೊತ್ತು ನನ್ನ ಮುಖ ಸ್ಪಂಜಿನೊಳಗಿತ್ತು. ಕಾರು ಹಾರಿತು, ಕೆಮ್ಮಿತು, ಸತ್ತಿತು, ಮತ್ತೆ ಹಾರಿತು. ಬೀದಿಯ ಆ ತುದಿ ಈ ಜನ್ಮದಲ್ಲಿ ಬರುವುದಿಲ್ಲ ಎಂದುಕೊಂಡೆ. ತಾತನ ಅಂಗಡಿಯ ಎದುರಿನ ಗುಂಡಿಯೊಳಗೆ ಮುಂದಿನ ಚಕ್ರ ಇಳಿಯುವುದರಲ್ಲಿತ್ತು, ಭಾವ ಬ್ರೇಕು ಒತ್ತಿದರು. ದನಿ ಏರಿಸದೆ, "ಇದು ನಮ್ಮದಲ್ಲ," ಎಂದರು.

ತಾತ ಬಾಗಿಲಿಗೆ ಬೀಗ ಹುಡುಕುತ್ತಿದ್ದರು. ಮೊಬೈಲ್ ಕವರಿನವನೂ ಅಲ್ಲೇ ಕೈ ಕಟ್ಟಿಕೊಂಡು ನಿಂತಿದ್ದ. ಭಾವ ಹೋಗಿ ಎದುರು ನಿಂತು, ತಮ್ಮ ಬೂಟಿಗೆ ಮಾತ್ರ ಕೇಳುವ ಹಾಗೆ, "ಅರ್ಧ ಇದೆ, ಇನ್ನರ್ಧ ಈಗ ಇಲ್ಲ," ಎಂದರು.

"ಆಂ?" ಎಂದರು ತಾತ, ಕಿವಿಗೆ ಕೈ ಹಿಡಿದು.

ಭಾವ ಇನ್ನೊಂದು ಸಲ ಹೇಳಿದರು, ಸ್ವಲ್ಪ ಜೋರಾಗಿ. ತಾತ ಮತ್ತೆ ಆಂ ಎಂದರು. ಅಷ್ಟರಲ್ಲಿ ಒಳಗಿನ ಗಡಿಯಾರಗಳೆಲ್ಲ ಒಂದಾದ ಮೇಲೊಂದು ಹೊಡೆಯಲು ಶುರುವಾದವು, ಗೋಡೆಯವು ಢಣ್ ಎಂದವು, ಮೇಜಿನವು ಟಿಣ್ ಎಂದವು, ಎಲ್ಲೋ ಒಂದು ಹಕ್ಕಿ ಕೂಗಿತು. ಭಾವ ಅದನ್ನೆಲ್ಲ ಮೀರಿಸಲು ಎದೆ ತುಂಬ ಉಸಿರು ತೆಗೆದುಕೊಂಡು ಕೂಗಿದರು. ಅದೇ ಕ್ಷಣಕ್ಕೆ ಗಡಿಯಾರಗಳು ಒಟ್ಟಿಗೇ ನಿಂತವು.

"ನನ್ನ ಹತ್ರ ದುಡ್ಡು ಇಲ್ಲ" ಎಂಬುದು ಬೀದಿಯ ಆ ತುದಿಯವರೆಗೂ ಹೋಗಿ ಬಂತು. ಅಂಗಡಿಗಳವರು ತಲೆ ಹೊರಹಾಕಿದರು. ಸೈಕಲ್ಲಿನವನೊಬ್ಬ ಕಾಲು ಕೆಳಗಿಟ್ಟು ನಿಂತ. ಅಕ್ಕ ನನ್ನ ಕೈ ಹಿಡಿದಳು. ಯಾರೂ ನಗಲಿಲ್ಲ. ಮೊಬೈಲ್ ಕವರಿನವನು ತಲೆ ಕೆರೆದುಕೊಂಡು, "ನಿಮ್ಮ ಹತ್ರ ಅರ್ಧ ಆದ್ರೂ ಇದೆ ಸಾರ್, ನನ್ನ ಹತ್ರ ಕಾಲೂ ಇಲ್ಲ," ಎಂದ. "ಬೆಳಗ್ಗಿಂದ ಹೇಗೆ ಹೇಳೋದು ಅಂತ ನಿಂತಿದ್ದೀನಿ."

ಇದೊಂದು ತಾತನಿಗೆ ಅದು ಹೇಗೋ ಕೇಳಿಸಿತು. ಬೀಗ ಹುಡುಕುವುದನ್ನು ಬಿಟ್ಟು, ಜೇಬಿನಿಂದ ಕೀ ತೆಗೆದು ಅಕ್ಕನ ಅಂಗೈಯಲ್ಲಿಟ್ಟರು. ಅಕ್ಕ ಅದನ್ನು ಎದೆಗೆ ಒತ್ತಿಕೊಂಡಳು, ಕಣ್ಣಿಂದ ನೀರು ಇಳಿಯಿತು, ಬಾಯಿ ಮಾತ್ರ ನಗುತ್ತಿತ್ತು.

"ಅರ್ಧ ಈಗ ಕೊಡಿ. ಇನ್ನರ್ಧ ಎಲ್ಲಿಂದ ಬರುತ್ತೆ?" ಎಂದರು ತಾತ.

"ಸೋಮವಾರ," ಎಂದರು ಭಾವ. "ರೋಡಿಂದ ಬರುತ್ತೆ."

ತಾತ ಮಂಜುಗಣ್ಣು ಕಿರಿದು ಮಾಡಿಕೊಂಡು ರಸ್ತೆಯ ಆ ಕಡೆ ನೋಡಿದರು, ಈ ಕಡೆ ನೋಡಿದರು. ಅಕ್ಕ ನಗುತ್ತ ನಗುತ್ತ ಹೊಸ್ತಿಲ ಮೇಲೇ ಕುಸಿದು ಕೂತಳು. ನಾನು ಮಾತ್ರ ಭಾವನ ಬಲಗಾಲನ್ನೇ ನೋಡುತ್ತಿದ್ದೆ. ಅದು ಸುಮ್ಮನೆ ನಿಂತಿತ್ತು.